ಆಷಾಢದಲ್ಲಿ ಬ್ಯಾಡ್ಮಿಂಟನ್

ನಾನು ಬ್ಯಾಡ್ಮಿಂಟನ್ ಕೋಚ್ ಆದದ್ದೇ ಒಂದು ತರ್ಕದೋಷದಿಂದ. ಬೆಸಗರಹಳ್ಳಿ ಕಡೆಯ ಹಳ್ಳಿಯೊಂದರ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿ ಸೇರಿದ ವಾರವೇ ಹೆಡ್ಮಾಸ್ಟರು ನನ್ನನ್ನು ಕರೆಸಿದರು. ಅರ್ಜಿಯ ಜೊತೆ ಕೊಟ್ಟಿದ್ದ ನನ್ನ ಪ್ರಮಾಣಪತ್ರಗಳು ಅವರ ಮೇಜಿನ ಮೇಲೆ ಇಸ್ಪೀಟೆಲೆಯಂತೆ ಹರಡಿಕೊಂಡಿದ್ದವು.

"ಇಷ್ಟೊಂದು ಕಪ್ ಹೊಡ್ದಿದ್ದೀರಲ್ಲ ಮೇಡಂ."

"ಅವೆಲ್ಲ ಚರ್ಚಾ ಸ್ಪರ್ಧೆಯವು ಸಾರ್."

"ಕಪ್ ಅಂದ್ರೆ ಕಪ್ ತಾನೆ? ಗೆಲ್ಲೋದು ಹೆಂಗೆ ಅಂತ ಗೊತ್ತಿರೋರು ಏನ್ ಬೇಕಾದ್ರೂ ಗೆಲ್ತಾರೆ. ಪಿಟಿ ಮೇಷ್ಟ್ರಿಗೆ ಟ್ರಾನ್ಸ್‌ಫರ್ ಆಯ್ತು. ಹೆಣ್ಮಕ್ಕಳ ಬ್ಯಾಡ್ಮಿಂಟನ್ ಇನ್ನು ನಿಮ್ದು."

ಮಳವಳ್ಳಿಯ ಹೈಸ್ಕೂಲಿನಿಂದ ಮಂಡ್ಯದ ಕಾಲೇಜಿನವರೆಗೆ, ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಗೆದ್ದವಳು ನಾನು. ಬ್ಯಾಟು ಹಿಡಿದವಳಲ್ಲ. ಹೆಡ್ಮಾಸ್ಟರ ವಾದದಲ್ಲಿದ್ದ ತೂತುಗಳನ್ನು ಅಲ್ಲೇ ನಿಂತು ಒಂದೊಂದಾಗಿ ತೋರಿಸಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. "ನೋಡಿ, ಇದೇ ಥರ ಬಿಡದೆ ಹೊಡೀಬೇಕು. ಇದನ್ನೇ ಮಕ್ಕಳಿಗೆ ಕಲ್ಸಿ," ಎಂದು ಬೀರುವಿನ ಕೀ ನನ್ನ ಕೈಗಿಟ್ಟರು.

ಬೀರುವಿನಲ್ಲಿ ತಂತಿ ಸಡಿಲವಾದ ಕೆಲವು ಬ್ಯಾಟು, ಡಬ್ಬದಲ್ಲಿ ಪ್ಲಾಸ್ಟಿಕ್ ಕಾಕ್‌ಗಳು, ಆಡಿನ ಮರಿ ನೆಮ್ಮದಿಯಾಗಿ ದಾಟಬಹುದಾದ ತೂತಿದ್ದ ಒಂದು ನೆಟ್ಟು ಇದ್ದವು. ಆಟದ ನಿಯಮಗಳನ್ನು ನಾನು ಮಂಡ್ಯದಿಂದ ಬರುವ ಬೆಳಗಿನ ಬಸ್ಸಿನಲ್ಲಿ ಮೊಬೈಲಿನಲ್ಲಿ ಪಂದ್ಯಗಳ ವಿಡಿಯೊ ನೋಡಿಕೊಂಡು ಕಲಿತೆ. ಪಕ್ಕದಲ್ಲಿ ಕುಳಿತವರು ಬೇಡವೆಂದರೂ ನೋಡುತ್ತಿದ್ದರು. ಮದ್ದೂರಿನಲ್ಲಿ ಇಳಿಯುವಾಗ ಒಬ್ಬರು, "ಕೆಂಪಂಗಿಯವ್ಳೇ ಗೆಲ್ಲದು, ಬರ್ಕೊಳಿ," ಎಂದು ಹೇಳಿ ಹೋಗಿದ್ದರು. ಗೆದ್ದದ್ದು ಇನ್ನೊಬ್ಬಳು.

ಆಡುತ್ತೇನೆಂದು ಬಂದ ಹುಡುಗಿಯರಲ್ಲಿ ಇಬ್ಬರು ಕೊನೆಗೂ ಜೋಡಿಯಾಗಿ ನಿಂತರು. ಒಬ್ಬಳು ಒಂಬತ್ತನೆಯ ತರಗತಿಯ ಎತ್ತರದ ಹುಡುಗಿ. ಮಾತು ಕಡಿಮೆ; ಕೈ ಚಾಚಿದರೆ ಅರ್ಧ ಅಂಗಳ ಅವಳದೇ. ಅವಳನ್ನು ಕ್ಯಾಪ್ಟನ್ ಮಾಡಿದೆ. ಇನ್ನೊಬ್ಬಳು ಅವಳ ಭುಜಕ್ಕೂ ಬರದ ಕುಳ್ಳಿ. ಕ್ಯಾಪ್ಟನ್ ಆಡದ ಮಾತನ್ನೆಲ್ಲ ಅವಳ ಪಾಲಿಗೂ ಸೇರಿಸಿ ಇವಳೇ ಆಡುತ್ತಿದ್ದಳು. ಹಿಂದಕ್ಕೆ ಬಂದ ಕಾಕ್ ಕ್ಯಾಪ್ಟನ್ನಿನದು, ಮುಂದೆ ಬಿದ್ದದ್ದು ಕುಳ್ಳಿಯದು. ನಡುವೆ ಬಿದ್ದದ್ದಕ್ಕೆ "ಬುಡು ಬುಡು, ನಂದು!" ಎಂದು ಇಬ್ಬರೂ ಕೂಗಿ, ಇಬ್ಬರೂ ಬಿಡುತ್ತಿದ್ದರು.

ಎರಡನೇ ದಿನವೇ ಕ್ಯಾಪ್ಟನ್ನಿನ ಅಜ್ಜಿ ಶಾಲೆಯ ಬಯಲಿಗೆ ಬಂದರು.

"ಯಾರವ್ವ ಇಲ್ಲಿ ಬ್ಯಾಟು ಆಡ್ಸೋಳು?"

ನಾನು ಮುಂದೆ ಬಂದೆ.

"ಸಂಜೆ ಡೈರಿಗೆ ಆಲು ಆಕದು ಈ ಅಮ್ಮಿ ಕೆಲ್ಸ. ಇವ್ಳು ಇಲ್ಲಿ ಕುಣೀತಿದ್ರೆ ಕ್ಯಾನು ಯಾರ್ ಒತ್ತಾರು? ನೀನ್ ಬಂದೀಯ?"

ನಾನು ಗಂಟಲು ಸರಿಮಾಡಿಕೊಂಡೆ. ಆಟದಿಂದ ಆರೋಗ್ಯ, ಆತ್ಮವಿಶ್ವಾಸ, ಮುಂದೆ ಕಾಲೇಜು ಸೀಟಿಗೆ ಅನುಕೂಲ ಎಂದು ಮೂರು ಲಾಭಗಳನ್ನು ಉದಾಹರಣೆ ಸಮೇತ ಮಂಡಿಸಿದೆ.

"ಅಸ ಏನಾರ ನಿನ್ನ ಮೂರು ಲಾಬ ಕೇಳ್ತಾ? ಒತ್ತಿಗೆ ಸರಿಯಾಗಿ ಕರೀತೀಯ ಇಲ್ವ ಅಂತದೆ, ಅಷ್ಟೇಯ."

ಎದುರು ಪಕ್ಷದವರು ಹಸುವನ್ನು ಸಾಕ್ಷಿಗೆ ಕರೆದಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಅಜ್ಜಿ ಮೊಮ್ಮಗಳ ಮುಖ ನೋಡಿದರು. ಅವಳು ಬ್ಯಾಟನ್ನು ಬೆನ್ನ ಹಿಂದೆ ಹಿಡಿದು ನೆಲ ನೋಡುತ್ತಿದ್ದಳು.

"ಸರಿ. ಮದ್ದೂರ್ ಮ್ಯಾಚು ಅಂತೀರಲ್ಲ, ಅದಾಗಗಂಟ ಡೈರಿಗೆ ನಾನೇ ಓಯ್ತೀನಿ. ಒಂದ್ ಮ್ಯಾಚಾರ ಗೆದ್ಕ ಬರ್ಲಿ, ಆಮೇಕೂ ನಾನೇ ಓಯ್ತೀನಿ. ಸೋತ್ಲೋ, ಬ್ಯಾಟು ಅಟ್ಟುಕ್ಕೆ, ಕ್ಯಾನು ಇವ್ಳ ಕೈಗೆ. ಆಮೇಲೆ ನನ್ತಾವ ಮೂರು ಲಾಬ ಯೋಳ್ಕಂಡು ಬರಂಗಿಲ್ಲ."

"ಒಪ್ಪಿದೆ," ಅಂದೆ. ಒಪ್ಪಿದ್ದು ನಾನು; ಕ್ಯಾನು ಹೊರಬೇಕಾದವಳು ಅವಳು. ಅವತ್ತಿನಿಂದ ಅವಳು ಒಂದು ಹೊಡೆತ ತಪ್ಪಿದರೂ ನನ್ನ ಕೈಗೇ ಭಾರ ತಗುಲಿದಂತಾಗುತ್ತಿತ್ತು.

ಮದ್ದೂರಿನ ತಾಲ್ಲೂಕು ಪಂದ್ಯ ನಡೆಯುವುದು ಒಳಾಂಗಣದಲ್ಲಿ. ನಮ್ಮದು ಬಯಲು, ಪಕ್ಕಕ್ಕೆ ಕಬ್ಬಿನ ಗದ್ದೆ, ನಾಲೆಯ ಕಡೆಯಿಂದ ಗಾಳಿ. ಈ ಕಡೆಯಿಂದ ಮೆಲ್ಲಗೆ ಮುಟ್ಟಿದ ಕಾಕ್ ಕಬ್ಬಿನೊಳಗೆ ಬೀಳುತ್ತಿತ್ತು. ಆ ಕಡೆಯಿಂದ ಜೀವ ಬಿಟ್ಟು ಹೊಡೆದದ್ದು ತಿರುಗಿ ಹೊಡೆದವಳ ಕಾಲಿಗೇ ಬರುತ್ತಿತ್ತು. ನಾವು ಕಲಿಯುತ್ತಿದ್ದದ್ದು ಹವಾಮಾನ. ನಾಲ್ಕು ಗೋಡೆ ಬೇಕಾಗಿತ್ತು, ಮತ್ತು ಊರಿನಲ್ಲಿ ಅಷ್ಟು ದೊಡ್ಡ ನಾಲ್ಕು ಗೋಡೆ ಇದ್ದದ್ದು ಸಮುದಾಯ ಭವನಕ್ಕೆ ಮಾತ್ರ. ಅದು ಮದುವೆ, ನಿಶ್ಚಿತಾರ್ಥ, ಬೀಗರೂಟಗಳಿಂದ ಎಂದೂ ಬಿಡುವು ಕಾಣದ ಜಾಗ. ಆದರೆ ಆಗ ಆಷಾಢ ಶುರುವಾಗಿತ್ತು. ಆಷಾಢದಲ್ಲಿ ಈ ಕಡೆ ಯಾರೂ ಮದುವೆ ಮಾಡುವುದಿಲ್ಲ.

ಇಲ್ಲಿ ಒಂದು ಸಣ್ಣ ತೊಡಕಿತ್ತು. ಶಾಲೆ ಶುರುವಾದ ದಿನ ಅದೇ ಭವನದಲ್ಲಿ ಪೋಷಕರ ಸಭೆ ನಡೆದಾಗ, ಹೊಸ ಟೀಚರು ಎರಡು ಮಾತಾಡಲಿ ಎಂದು ಮೈಕು ಕೊಟ್ಟಿದ್ದರು. ಮೈಕು ಕೊಟ್ಟರೆ ನಾನು ಎರಡು ಮಾತಿಗೆ ನಿಲ್ಲಿಸುವವಳಲ್ಲ. ಆಷಾಢದಲ್ಲಿ ಮದುವೆಯಾದರೆ ಕೆಡುಕು ಎಂಬುದಕ್ಕೆ ಪುರಾವೆ ಎಲ್ಲಿದೆ, ಬೇರೆ ತಿಂಗಳಲ್ಲಿ ಮದುವೆಯಾದವರೆಲ್ಲ ಜಗಳವಾಡದೆ ಇದ್ದಾರೆಯೇ, ಕೈ ಎತ್ತಿ ಎಂದು ಕೇಳಿದ್ದೆ. ಹೆಂಗಸರ ಕಡೆ ಜೋರು ನಗು ಬಂದಿತ್ತು. ಕೈ ಒಂದೂ ಎದ್ದಿರಲಿಲ್ಲ.

ಭವನದ ಸಮಿತಿಯ ಯಜಮಾನರು ಆ ಸಭೆಯ ಮೊದಲ ಸಾಲಿನಲ್ಲೇ ಇದ್ದವರು.

"ಆಸಾಡ ಅನ್ನದೆಲ್ಲ ಬುರುಡೆ ಅಂದೋಳು ನೀನೇ ಅಲ್ವೇನವ್ವ?"

"ಹೌದು."

"ಈಗ ಆಸಾಡ ಅಂತ ಭವನ ಕೇಳಕ್ ಬಂದಿರೋಳೂ ನೀನೇಯ."

"ಭವನ ಖಾಲಿ ಇದೆ ಅನ್ನೋದು ವಾಸ್ತವ ಯಜಮಾನ್ರೇ. ಖಾಲಿ ಇರೋ ಕಾರಣ ನಾನು ಒಪ್ಪಬೇಕು ಅಂತೇನಿಲ್ಲ."

"ಒಪ್ಬ್ಯಾಡ ಬುಡು. ಆಡಾದ್ಮೇಲೆ ಕಸ ಗುಡ್ಸಿ ಬೀಗ ಆಕು." ಸೊಂಟದಿಂದ ಕೀ ಬಿಚ್ಚಿ ಕೊಡುತ್ತ ಸೇರಿಸಿದರು, "ನೀನೇ ಮದ್ವೆ ಆಗದಾದ್ರೆ ಯೋಳವ್ವ, ಯಾವ ತಿಂಗ್ಳಾದ್ರೂ ಬಾಡ್ಗೆ ಬ್ಯಾಡ."

ಭವನದ ನೆಲಕ್ಕೆ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದೆವು. ನೆಟ್ಟಿನ ಒಂದು ತುದಿ ಮದುವೆ ಮಂಟಪದ ಕಂಬಕ್ಕೆ, ಇನ್ನೊಂದು ಕಿಟಕಿಯ ಸರಳಿಗೆ. ಗಾಳಿ ಇಲ್ಲ, ಕಬ್ಬಿಲ್ಲ. ಸ್ವರ್ಗ ಅಂದುಕೊಂಡು ಮೊದಲ ಸರ್ವಿಸ್ ಮಾಡಿದರೆ ಕಾಕ್ ಟಕ್ಕನೆ ಫ್ಯಾನಿನ ರೆಕ್ಕೆಗೆ ಬಡಿದು ಕೆಳಗೆ ಬಿತ್ತು. ಊಟಕ್ಕೆ ಕೂತವರಿಗೆ ಗಾಳಿ ಚೆನ್ನಾಗಿ ಸಿಗಲೆಂದು ಫ್ಯಾನುಗಳನ್ನು ಉದ್ದ ಕೊಳವೆಯಲ್ಲಿ ತೀರಾ ಕೆಳಕ್ಕೆ ಇಳಿಬಿಟ್ಟಿದ್ದರು. ಆರಿಸಿಟ್ಟರೂ ರೆಕ್ಕೆಗಳು ಅಲ್ಲೇ ಇರುತ್ತವಲ್ಲ.

"ತಗುಲ್ತು ಕಣೆ!"

"ಎಲ್ ತಗುಲ್ತು, ನಿನ್ ತಲೆ! ಪಕ್ಕುಕ್ಕೆ ಓಯ್ತು!"

"ಮಿಸ್, ಇವ್ಳು ಸುಳ್ಳಿ ಕಣ್ ಮಿಸ್!"

ದಿನದ ಅರ್ಧ ಹೊತ್ತು ಇದೇ ಆಯಿತು. ವಾದ ನನಗೆ ಪ್ರಿಯವೇ, ಆದರೆ ತೀರ್ಪಿಲ್ಲದ ವಾದ ಅಲ್ಲ. ಕೂತು ಯೋಚಿಸಿ ಒಂದು ನಿಯಮ ಮಾಡಿದೆ. ತಗುಲಿತೋ ಇಲ್ಲವೋ ಎಂದು ಯಾರೂ ಸಾಬೀತು ಮಾಡಬೇಕಾಗಿಲ್ಲ. ಕಾಕ್ ಮೇಲೆ ಹೋಗುವಾಗ ಯಾರಾದರೂ "ಫ್ಯಾನ್!" ಎಂದು ಕೂಗಿದರೆ ಮುಗಿಯಿತು. ಮೊದಲು ಕೂಗಿದವರ ಮಾತೇ ಮಾತು. ಆ ಪಾಯಿಂಟು ಯಾರಿಗೂ ಇಲ್ಲ, ಮತ್ತೆ ಆಡಬೇಕು. ಜಗಳ ಅವತ್ತೇ ನಿಂತಿತು. ನಾನು ಮಾಡಿದ ನಿಯಮಗಳಲ್ಲೇ ಅತ್ಯುತ್ತಮವಾದದ್ದು ಎಂದು ಬೀಗಿದೆ.

ಅಜ್ಜಿ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಪಕ್ಕಕ್ಕಿಟ್ಟುಕೊಂಡು ಭವನದ ಬಾಗಿಲ ಮೆಟ್ಟಿಲ ಮೇಲೆ ಕೂರತೊಡಗಿದರು. ಮೊಮ್ಮಗಳನ್ನು ಮನೆಗೆ ಕರೆದೊಯ್ಯಲು ಎಂದು ಹೇಳಿಕೆ. ಮೊದಮೊದಲು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಸುಮ್ಮನೆ ನೋಡುತ್ತಿದ್ದರು. ಆಮೇಲೆ "ಅಯ್ಯೋ, ಎದ್ದು ಒಡಿ ಅಮ್ಮಿ, ಏನ್ ಕಾಯ್ತಾ ನಿಂತಿದ್ದೀಯ?" ಶುರುವಾಯಿತು. ಇನ್ನೂ ಕೆಲವು ದಿನ ಕಳೆಯುವಷ್ಟರಲ್ಲಿ, ಕಾಕ್ ಮೇಲೇರುವುದಕ್ಕೂ ಮೆಟ್ಟಿಲ ಕಡೆಯಿಂದ "ಪ್ಯಾನು!" ಎಂದು ಕೂಗು ಬರುವುದಕ್ಕೂ ಸರಿಹೋಗುತ್ತಿತ್ತು. ಹುಡುಗಿಯರಿಗಿಂತ ಅಜ್ಜಿಯದೇ ಚುರುಕು ಕಣ್ಣು. ಅವರು ಕೂಗಿದರೆ ಹುಡುಗಿಯರು ತಿರುಗಿಯೂ ನೋಡದೆ ಬ್ಯಾಟು ಇಳಿಸಿ, ಕಾಕ್ ಎತ್ತಿಕೊಂಡು ಹೊಸದಾಗಿ ಸರ್ವಿಸ್ ಮಾಡುತ್ತಿದ್ದರು. ನನಗೂ ಅದು ಅನುಕೂಲವೇ ಆಯಿತು. ಸಂಬಳವಿಲ್ಲದ ಅಂಪೈರ್.

ಪಂದ್ಯಕ್ಕೆ ಹತ್ತು ಹನ್ನೆರಡು ದಿನವಿದೆ ಎನ್ನುವಾಗ ಭವನಕ್ಕೆ ಒಬ್ಬ ಯುವಕ ಬಂದ. ಊರಿನವನೇ, ಮಂಡ್ಯದಲ್ಲಿ ನೌಕರಿ. ಕೈಯಲ್ಲಿ ಮದ್ದೂರು ವಡೆಯ ಪೊಟ್ಟಣ.

"ಮೇಡಂ, ನಿಮ್ ಭಾಷಣ ಕೇಳ್ದೆ ಅವತ್ತು. ತಲೇಲೇ ಕೂತ್ಬುಡ್ತು. ನಾನೂ ನಮ್ಮುಡ್ಗಿನೂ ಆಷಾಢದಲ್ಲೇ ಮದ್ವೆ ಆಗ್ತಾ ಇದ್ದೀವಿ. ಇದೇ ವಾರ, ಇಲ್ಲೇ."

ಇಷ್ಟು ವರ್ಷ ಮಾತಾಡಿದ್ದೇನೆ. ತೀರ್ಪುಗಾರರು ಅಂಕ ಕೊಟ್ಟಿದ್ದಾರೆ, ಸಭಿಕರು ಚಪ್ಪಾಳೆ ಕೊಟ್ಟಿದ್ದಾರೆ. ನನ್ನ ಮಾತು ಕೇಳಿ ಮನಸ್ಸು ಬದಲಿಸಿದ ಮನುಷ್ಯನನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅವನಿಗೆ ಬೇಕಾಗಿದ್ದದ್ದು ನನ್ನ ಅಂಗಳ.

"ಮಳೆಗಾಲ ಅಲ್ವ," ಅಂದೆ. "ನೆಂಟರಿಗೆ ಕಷ್ಟ."

"ಮಳೆ ಶ್ರಾವಣದಲ್ಲೂ ಬರುತ್ತೆ ಅಂತ ನೀವೇ ಅಂದ್ರಿ ಮೇಡಂ."

"ಅಡುಗೆಯವರು ಸಿಗಬೇಕಲ್ಲ."

"ಎಲ್ರೂ ಖಾಲಿ ಕೂತವ್ರೆ. ಆಷಾಢ ಅಲ್ವ."

"ಹಿರಿಯರ ಮನಸ್ಸು ನೋಯಿಸಿ..."

"ಹಿರಿಯರ ಮನಸ್ಸಿಗೂ ಪುರಾವೆ ಕೇಳ್ಬೇಕು ಅಂದಿದ್ರಿ."

ನನ್ನ ಭಾಷಣವನ್ನು ಅವನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದ. ಹುಡುಗಿಯರು ನೆಟ್ಟಿಗೆ ಮುಖ ಒತ್ತಿಕೊಂಡು ನಮ್ಮಿಬ್ಬರನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತಿದ್ದರು. "ಮಿಸ್ ಸೋತ್ರು ಕಣಮ್ಮಿ," ಎಂದು ಕುಳ್ಳಿ ಪಿಸುಗುಟ್ಟಿದ್ದು ಭವನಕ್ಕೆಲ್ಲ ಕೇಳಿಸಿತು. ಅದೇ ಗಾಬರಿಯಲ್ಲಿ ನನ್ನ ಬಾಯಿಂದ, "ನೋಡಿ, ಶ್ರಾವಣದಲ್ಲಿ ಮಾಡ್ಕೊಳ್ಳಿ, ಒಳ್ಳೇದಾಗುತ್ತೆ," ಎಂಬ ಮಾತು ಬಂದುಬಿಟ್ಟಿತು.

"ಒಳ್ಳೇದಾಗುತ್ತ?" ಎಂದು ಕೇಳಿದ ಅವನು. ನಿಜವಾಗಿ ಆಘಾತವಾಗಿತ್ತು ಪಾಪ.

ನಾನು ವಡೆ ಮುರಿದುಕೊಂಡು ಬಾಯಿಗಿಟ್ಟುಕೊಂಡೆ. ಬಾಯಿ ತುಂಬಿರುವಾಗ ಉತ್ತರ ಕೊಡುವ ಬಾಧ್ಯತೆ ಇರುವುದಿಲ್ಲ.

ಯಜಮಾನರು ಬಂದು ತೀರ್ಮಾನ ಮಾಡಿದರು. ಮದುವೆ ಒಂದು ದಿನ, ಉಳಿದ ದಿನ ಆಟ. ಆದರೆ ಅಲಂಕಾರದವನಿಗೆ ಶ್ರಾವಣದವರೆಗೆ ಬೇರೆ ಮದುವೆ ಇಲ್ಲ, ಕಟ್ಟಿದ್ದನ್ನು ಬಿಚ್ಚಲು ಅವನು ಶ್ರಾವಣಕ್ಕೇ ಬರುತ್ತಾನೆ. ಅಲ್ಲಿಯವರೆಗೆ ಹೂವಿನ ಸರ ಯಾರೂ ಮುಟ್ಟುವಂತಿಲ್ಲ. ಮದುವೆಗೆ ನಾವೆಲ್ಲ ಹೋದೆವು. ಮದುಮಕ್ಕಳು ಸರ್ವಿಸ್ ಗೆರೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಆಷಾಢ ಆಗದು ಎಂದಿದ್ದವರೇ ಎರಡನೇ ಸಲ ಪಾಯಸ ಹಾಕಿಸಿಕೊಂಡರು.

ಮರುದಿನ ಹೋಗಿ ನೋಡಿದರೆ, ಫ್ಯಾನಿನಿಂದ ಫ್ಯಾನಿಗೆ ಬಟ್ಟೆಯ ಚೆಂಡುಹೂವಿನ ಸರಗಳು ಜೋಲಾಡುತ್ತಿದ್ದವು. ಫ್ಯಾನಿಗಿಂತಲೂ ಕೆಳಕ್ಕೆ. ಹೂವಿಗೆ ತಗುಲಿದರೂ ಫ್ಯಾನ್ ಎಂದೇ ಲೆಕ್ಕ ಎಂದು ಹುಡುಗಿಯರೇ ತಿದ್ದುಪಡಿ ತಂದರು. ಇನ್ನು ಮೇಲಕ್ಕೆ ಹೊಡೆಯುವುದಕ್ಕೆ ಅರ್ಥವೇ ಉಳಿಯಲಿಲ್ಲ. ಕಾಕ್ ನೆಟ್ಟಿನ ಮೇಲೆ ಒಂದು ಗೇಣು ಬಿಟ್ಟು, ನೆಲಕ್ಕೆ ಸಮನಾಗಿ, ಕಲ್ಲು ಬೀಸಿದಂತೆ ಹೋಗಬೇಕಿತ್ತು. ಒಂದು ವಾರ ಅವರು ಹಾಗೆಯೇ ಆಡಿದರು. ಕ್ಯಾಪ್ಟನ್ನಿನ ತೋಳಿನಿಂದ ಹೊರಟ ಕಾಕ್ ನನ್ನ ಕಿವಿಯ ಪಕ್ಕ ಹೋದರೆ ಗಾಳಿ ತಗುಲುತ್ತಿತ್ತು. ಇದು ನಮ್ಮ ತಂತ್ರ ಎಂದು ನಾನು ಹೆಡ್ಮಾಸ್ಟರಿಗೆ ಹೇಳಿದೆ. ಅವರು ನಂಬಿದರು.

ಮದ್ದೂರಿಗೆ ಹೋಗುವ ದಿನ ಬಸ್ ಸ್ಟಾಪಿನಲ್ಲಿ ಅಜ್ಜಿ ಒಗೆದ ಸೀರೆ ಉಟ್ಟು ನಿಂತಿದ್ದರು.

"ನೀವೂ ಬರ್ತೀರಾ ಅಜ್ಜಿ?"

"ಮತ್ತಿನ್ನೇನು? ಗೆದ್ದೋ ಅಂತ ನೀವ್ ಬಂದ್ ಯೋಳದು, ನಾನ್ ನಂಬದು? ನಾನ್ ಕಣ್ಣಾರ ನೋಡ್ಬೇಕು."

ಈ ಮಾತಿಗೆ ನಾನು ಎದುರಾಡುವ ಹಾಗಿರಲಿಲ್ಲ. ಜೀವನಪೂರ್ತಿ ನಾನು ಹೇಳಿಕೊಂಡು ಬಂದದ್ದೇ ಅದು.

ಒಳಾಂಗಣದ ಒಳಗೆ ಕಾಲಿಟ್ಟವರೇ ಇಬ್ಬರು ಹುಡುಗಿಯರೂ ಕತ್ತೆತ್ತಿ ನಿಂತುಬಿಟ್ಟರು. ಚಾವಣಿ ಎಲ್ಲೋ ಮೇಲೆ, ತಗಡು. ಅದರ ಕಂಬಿಯ ಮೇಲೆ ಒಂದು ಪಾರಿವಾಳ. "ಯಪ್ಪಾ, ಇಲ್ಲಿ ಎರಡಂತಸ್ತಿನ ಮನೆ ಕಟ್ಬೋದು ಕಣೆ," ಅಂದಳು ಕುಳ್ಳಿ. ಕ್ಯಾಪ್ಟನ್ ಬ್ಯಾಟಿನ ಹಿಡಿಯನ್ನು ಲಂಗಕ್ಕೆ ಒರೆಸುತ್ತಲೇ ಇದ್ದಳು. ಸೋತರೆ ಆಟಕ್ಕೆ ಬಾಗಿಲು ಮುಚ್ಚಿತು ಎಂಬುದನ್ನು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಅದು ಮುಂದಿನ ಬೆಂಚಿನಲ್ಲೇ ಎಲೆಯಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿತ್ತು.

ಎದುರಾಳಿಗಳು ಪೇಟೆಯ ಶಾಲೆಯವರು. ಬಿಳಿ ಬೂಟು, ಒಂದೇ ಬಣ್ಣದ ಅಂಗಿ, ನಿಜವಾದ ಕೋಚ್. ಮೊದಲ ಗೇಮಿನಲ್ಲಿ ಅವರಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಕಾಕ್ ಎತ್ತರಕ್ಕೆ ಬರುತ್ತದೆಂದು ಅವರು ಬ್ಯಾಟು ಎತ್ತಿ ಕಾಯುವುದು, ಅದು ಎದೆಯ ಮಟ್ಟದಲ್ಲಿ ಸುಯ್ಯೆಂದು ಹಿಂದೆ ಹೋಗಿ ಗೆರೆಯೊಳಗೆ ಬೀಳುವುದು. ಇಪ್ಪತ್ತೊಂದಕ್ಕೆ ನಾವೇ ಮೊದಲು ಮುಟ್ಟಿದೆವು. ನಾನು ಕೂಗಿದ ಕೂಗಿಗೆ ಪಾರಿವಾಳ ಹಾರಿಹೋಯಿತು.

ಎರಡನೇ ಗೇಮಿಗೆ ಮೊದಲು ಅವರ ಕೋಚ್ ಬೆರಳನ್ನು ಚಾವಣಿಯ ಕಡೆ ತೋರಿಸಿ ಏನೋ ಹೇಳಿದರು. ಅಷ್ಟೇ. ಮೊದಲನೇ ಕಾಕ್ ನೆಟ್ಟಗೆ ಮೇಲಕ್ಕೆ ಹೋಯಿತು.

"ಫ್ಯಾನ್!" ಎಂದು ನಮ್ಮವರಿಬ್ಬರೂ ಒಟ್ಟಿಗೆ ಕೂಗಿ ಬ್ಯಾಟು ಇಳಿಸಿದರು.

ಕಾಕ್ ಸಾವಕಾಶವಾಗಿ ಇಳಿದು ಇಬ್ಬರ ನಡುವೆ ಕೂತಿತು. ಅಂಪೈರ್ ಎದುರಾಳಿಗಳಿಗೆ ಪಾಯಿಂಟು ಕೊಟ್ಟು, ಕನ್ನಡಕ ತೆಗೆದು ಮೇಲೆ ನೋಡಿದರು. "ಎಲ್ಲಮ್ಮ ಫ್ಯಾನು?" ನೋಡಲು ಬಂದವರೆಲ್ಲರೂ ಕತ್ತೆತ್ತಿ ನೋಡಿದರು. ಆ ಗೇಮ್ ಹಾಗೆಯೇ ಹೋಯಿತು.

ಬಿಡುವಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡೆ.

"ಇಲ್ಲಿ ಫ್ಯಾನ್ ಇಲ್ಲ."

"ಗೊತ್ತು ಮಿಸ್."

"ಗೊತ್ತಿದ್ರೆ ಯಾಕೆ ಕೂಗ್ತೀರ?"

"ಬಾಯಿ ಕೂಗ್ಬುಡ್ತದೆ ಮಿಸ್," ಅಂದಳು ಕ್ಯಾಪ್ಟನ್. ಅವಳ ಕಣ್ಣಂಚು ಕೆಂಪಾಗಿತ್ತು.

ಬಾಯಿಯ ವಿಷಯ ನನಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಕುಳ್ಳಿ ಉಪಾಯ ತೆಗೆದಳು: ಅಂಗಿಯ ಕಾಲರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆಡುವುದು. ಮೂರನೇ ಗೇಮನ್ನು ನನ್ನ ಇಬ್ಬರು ಆಟಗಾರ್ತಿಯರು ಬೆಕ್ಕು ಮರಿ ಕಚ್ಚಿಕೊಂಡಂತೆ ಕಾಲರ್ ಕಚ್ಚಿಕೊಂಡು, ಹುಂ ಹುಂ ಎಂದು ಸದ್ದು ಮಾಡುತ್ತ ಆಡಿದರು. ಕಾಕ್ ಮೇಲೆ ಹೋಯಿತು, ಅವರು ನೋಡಿದರು, ಹುಂ ಅಂದರು, ಹೊಡೆದರು. ಎದುರಾಳಿಗಳು ಒಂದು ತೆಗೆದರೆ ನಾವು ಒಂದು. ಇಪ್ಪತ್ತು–ಹತ್ತೊಂಬತ್ತಕ್ಕೆ ಅವರು ಮುಂದಿದ್ದಾಗ ಎದುರಾಳಿ ಹುಡುಗಿ ಕಾಕನ್ನು ಆ ದಿನದ ಎಲ್ಲಕ್ಕಿಂತ ಎತ್ತರಕ್ಕೆ ಎತ್ತಿದಳು.

ಕ್ಯಾಪ್ಟನ್ ಸರಿಯಾಗಿ ಅದರ ಕೆಳಗೆ ಬಂದು ನಿಂತಳು. ಕಾಲರ್ ಹಲ್ಲಿನಲ್ಲಿ. ತೋಳು ಹಿಂದಕ್ಕೆ. ಎದುರು ಅಂಗಳದಲ್ಲಿ ಒಂದು ಮೂಲೆ ಪೂರ್ತಿ ಖಾಲಿ. ಅವಳು ಅದನ್ನು ನೋಡಿದ್ದನ್ನು ನಾನು ನೋಡಿದೆ.

"ಪ್ಯಾನು!" ಎಂದು ಮುಂದಿನ ಬೆಂಚಿನಿಂದ ಅಜ್ಜಿ ಕೂಗಿದರು.

ಕ್ಯಾಪ್ಟನ್ ಬ್ಯಾಟು ಇಳಿಸಿದಳು. ಕಾಕ್ ಅವಳ ಹೆಗಲಿಗೆ ತಗುಲಿ ಕೆಳಗೆ ಬಿತ್ತು.

ಅಂಪೈರ್ ಏಳುವ ಮೊದಲೇ ಅಜ್ಜಿ ಅಂಗಳದೊಳಗಿದ್ದರು. "ಮತ್ತೆ ಆಡ್ಸಪ್ಪ."

"ಮುಗೀತು ಅಜ್ಜಿ. ಇವರು ಗೆದ್ರು."

"ಎಂಗ್ ಗೆದ್ರು? ನಾನ್ ಪ್ಯಾನು ಅಂತ ಕೂಗಿವ್ನಿ. ಮೊದ್ಲು ಕೂಗ್ದೋರ್ ಮಾತೇ ಮಾತು. ಬೇಕಾದ್ರೆ ಈ ಮಿಸ್ಸುನ್ನ ಕೇಳು, ಇವಳೇ ಮಾಡಿರ ಕಾನೂನು."

ಅಂಪೈರ್ ನನ್ನ ಕಡೆ ನೋಡಿದರು. ಜೀವಮಾನದಲ್ಲಿ ಮೊದಲ ಸಲ ನಾನು ಮೈಕಿನ ಕಡೆ ಹೋಗುವ ಬದಲು ನೀರಿನ ಬಾಟಲಿಯ ಕಡೆ ಹೋದೆ.

ಊರಿಗೆ ಹೋಗುವ ಬಸ್ಸಿನಲ್ಲಿ ಕ್ಯಾಪ್ಟನ್ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಕುಳ್ಳಿ ಕೂಡ ಸುಮ್ಮನಿದ್ದಳು, ಅದಕ್ಕೇ ಹೆಚ್ಚು ಭಯವಾಗಿತ್ತು ನನಗೆ. ಬೆಸಗರಹಳ್ಳಿ ದಾಟಿದ ಮೇಲೆ ಕ್ಯಾಪ್ಟನ್ ತೊಡೆಯ ಮೇಲಿದ್ದ ಬ್ಯಾಟನ್ನು ಅಜ್ಜಿಯ ಕಡೆ ಚಾಚಿದಳು.

"ತಕ್ಕೊ ಅಜ್ಜಿ. ಅಟ್ಟುಕ್ಕೆ ಆಕು. ಇವತ್ತಿಂದ ಡೈರಿಗೆ ನಾನೇ ಓಯ್ತೀನಿ."

"ಯಾಕೆ?"

"ಸೋತ್ವಲ್ಲ."

"ಯಾರ್ ಸೋತಿದ್ದು? ಪ್ಯಾನು ಅಂದ್ಮೇಕೆ ಆ ಪಾಯಿಂಟು ಲೆಕ್ಕುಕ್ಕೆ ಬತ್ತದ? ದಿನಾ ಕುಂತ್ಕಂಡು ನೋಡಿಲ್ವ ನಾನು? ಅದಿನ್ನೂ ಆಡದದೆ. ಆ ಕನ್ನಡಕದವನು ಆಡುಸ್ನಿಲ್ಲ ಅಂದ್ರೆ ಬರೋ ವರ್ಸ ಓಗಿ ಆಡದು." ಬ್ಯಾಟನ್ನು ಹಿಂದಕ್ಕೆ ತಳ್ಳಿ, ಅಜ್ಜಿ ನನ್ನ ಕಡೆ ತಿರುಗಿದರು. "ಅಲ್ವೇನವ್ವ ಮಿಸ್ಸು?"

ಭವನದ ನಿಯಮ ಭವನದ ಹೊರಗೆ ನಡೆಯುವುದಿಲ್ಲ. ಪ್ರೇಕ್ಷಕರಿಗೆ ಕೂಗುವ ಅಧಿಕಾರವೇ ಇಲ್ಲ. ಇಲ್ಲದ ಫ್ಯಾನಿಗೆ ಕಾಕ್ ತಗುಲಲು ಸಾಧ್ಯವಿಲ್ಲ. ಆ ವಾದವನ್ನು ಬೀಳಿಸಲು ನನ್ನ ಬಳಿ ಇಷ್ಟೆಲ್ಲ ಸಿದ್ಧವಾಗಿತ್ತು, ಒಂದೊಂದೂ ಗಟ್ಟಿ. ಅಜ್ಜಿಯ ಮುಖದಲ್ಲಿ ತಮಾಷೆ ಇದೆಯೋ, ಛಲ ಇದೆಯೋ, ನಿಜವಾಗಿ ಹಾಗೇ ತಿಳಿದಿದ್ದಾರೋ ಎಂದು ಹುಡುಕಿದೆ. ಎಲೆಯಡಿಕೆ ಅಗಿಯುವ ಮುಖದಲ್ಲಿ ಏನೂ ಕಾಣುವುದಿಲ್ಲ.

"ಹೌದು ಅಜ್ಜಿ," ಅಂದೆ. "ಮತ್ತೆ ಆಡಬೇಕು. ನಿಯಮ ನಿಯಮಾನೇ."

ಬಸ್ಸಿಳಿದಾಗ ಸಂಜೆಯಾಗಿತ್ತು. "ಅಯ್ಯೋ, ಕರಿಯೋ ಒತ್ತಾಯ್ತು ಕಣ್ರಮ್ಮಿ," ಎಂದು ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮನೆಯ ಕಡೆ ದಾಪುಗಾಲು ಹಾಕಿದರು. ಹುಡುಗಿಯರು ಇಬ್ಬರೂ ಅಲ್ಲೇ ನಿಂತರು. ಕ್ಯಾಪ್ಟನ್ ನನ್ನ ಮುಂದೆ ಅಂಗೈ ಚಾಚಿದಳು.

"ಏನು?"

"ಭವನದ ಕೀ ಮಿಸ್. ಇನ್ನೂ ಆಸಾಡ ಮುಗ್ದಿಲ್ಲ."